ಗಾಂಧಿ ಬಜಾರಿಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ

ಹಾಸನದಿಂದ ಬೆಂಗಳೂರಿಗೆ ಬಂದಾಗಲೆಲ್ಲ ಗಾಂಧಿ ಬಜಾರಿಗೆ ಒಂದು ಸುತ್ತು ಹೋಗುವುದು ನನಗೆ ರೂಢಿ. ಹೋದ ವರ್ಷ ಮಾತ್ರ ತಪ್ಪು ದಿನ ಹೋಗಿಬಿಟ್ಟೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಕಾಲಿಡಲು ಜಾಗ ಇರಲಿಲ್ಲ. ಹೂವಿನ ಬೆಲೆ ಗಗನಕ್ಕೆ ಏರಿತ್ತು. ಅದಕ್ಕಿಂತ ಬೇಸರದ ಸಂಗತಿ ಎಂದರೆ ಯಾವ ಅಂಗಡಿಯವರಿಗೂ ಎರಡು ಮಾತಾಡಲು ಪುರುಸೊತ್ತಿರಲಿಲ್ಲ. ಇಲ್ಲಿಗೆ ಹೋಗುವುದೇ ಆ ಎರಡು ಮಾತಿಗೆ, ಅಲ್ವಾ?

ಈ ಸಲ ಚಿಕ್ಕಮ್ಮನ ಜೊತೆ ಒಂದು ಬುಧವಾರ ಹೋದೆ. ಅವರ ಮಗಳ ಮನೆ ಗೃಹಪ್ರವೇಶ ಇತ್ತು. ಪುರೋಹಿತರು ಬರೆದುಕೊಟ್ಟ ಚೀಟಿ ಕೈಯಲ್ಲಿತ್ತು. ಜೆ.ಪಿ. ನಗರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ವಯಸ್ಸಾದವರಿದ್ದರೆ ಆಟೋ ಹಿಡಿಯಿರಿ. ಕಾರು ಮಾತ್ರ ಬೇಡ. ಗಾಂಧಿ ಬಜಾರು ಇರುವ ಬಸವನಗುಡಿ 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಬಡಾವಣೆ. ಹಳೇ ಪೇಟೆಯ ಹಾಗೆ ಇಕ್ಕಟ್ಟಿಲ್ಲ, ರಸ್ತೆಗಳು ನೇರ. ಹೊಸಬರೂ ದಾರಿ ತಪ್ಪುವುದಿಲ್ಲ. ಈಚೆಗೆ ರಸ್ತೆ ಕೆಲಸ ಆದಮೇಲೆ ಫುಟ್‌ಪಾತ್ ಕೂಡ ಅಗಲವಾಗಿದೆ.

ಮೊದಲು ತಿಂಡಿ. ವಿದ್ಯಾರ್ಥಿ ಭವನ 1943ರಿಂದ ಗಾಂಧಿ ಬಜಾರು ರಸ್ತೆಯಲ್ಲೇ ಇದೆ. ಶುಕ್ರವಾರ ರಜೆ, ಇದನ್ನು ಮರೆಯಬೇಡಿ. ಮಧ್ಯಾಹ್ನವೂ ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಶನಿವಾರ, ಭಾನುವಾರ ಹೊರಗೆ ನಿಂತು ಕಾಯಬೇಕು. ನಮಗೆ ಬುಧವಾರ ಎಂಟು ಗಂಟೆಗೆ ಬೇಗನೆ ಜಾಗ ಸಿಕ್ಕಿತು. ತೋಳಿನ ಉದ್ದಕ್ಕೂ ದೋಸೆ ತಟ್ಟೆ ಜೋಡಿಸಿಕೊಂಡು ಬರುವವರನ್ನು ನೋಡುತ್ತಾ ಚಿಕ್ಕಮ್ಮ ಕಾಫಿ ತಣ್ಣಗೆ ಮಾಡಿಕೊಂಡುಬಿಟ್ಟರು.

ಹೊರಗೆ ಬಂದರೆ ಹೂವಿನವರು. ಮಲ್ಲಿಗೆ, ಕನಕಾಂಬರ, ಸೇವಂತಿಗೆ, ಮರುಗ. ನಾನು ಅರಳಿದ ಮಲ್ಲಿಗೆಗೆ ಕೈ ಹಾಕಿದೆ. ಹೂವು ಕಟ್ಟುತ್ತಿದ್ದ ಅಜ್ಜಿ, "ಯಾವಾಗ ಮುಡ್ಕೊಳ್ತೀಯವ್ವಾ?" ಎಂದರು. ಸಂಜೆಗೆ ಅಂದೆ. "ಹಂಗಾದ್ರೆ ಅದು ಬ್ಯಾಡ" ಎಂದು ಬಿಗಿ ಮೊಗ್ಗಿನ ಮಾಲೆ ತೆಗೆದು ಬಾಳೆಲೆಯಲ್ಲಿ ಸುತ್ತಿ, ನೀರು ಚಿಮುಕಿಸಿ ಕೊಟ್ಟರು. ಸಂಜೆ ಆರಕ್ಕೆ ಪೊಟ್ಟಣ ಬಿಚ್ಚಿದಾಗ ಮೊಗ್ಗುಗಳು ಆಗತಾನೆ ಬಾಯಿ ಬಿಡುತ್ತಿದ್ದವು. ಇನ್ನೊಂದು ವಿಷಯ: ಮೊಳ ಎಷ್ಟು ಎಂದಷ್ಟೇ ಕೇಳಬೇಡಿ. ಒತ್ತಾಗಿ ಕಟ್ಟಿದ್ದಾರಾ ನೋಡಿ. ಬಿಡಿ ಬಿಡಿಯಾಗಿ ಕಟ್ಟಿದ ಎರಡು ಮೊಳಕ್ಕಿಂತ ಒತ್ತಾದ ಒಂದು ಮೊಳ ವಾಸಿ.

ಆ ಅಜ್ಜಿ ಕೇಳಿದಂಥ ಪ್ರಶ್ನೆಯನ್ನೇ ದಿನವಿಡೀ ಒಂದಲ್ಲ ಒಂದು ಅಂಗಡಿಯಲ್ಲಿ ನಮ್ಮನ್ನು ಕೇಳಿದರು. ಯಾತಕ್ಕೆ? ಯಾರಿಗೆ? ಯಾವಾಗಕ್ಕೆ? ಉತ್ತರ ಗೊತ್ತಿದ್ದರೆ ಸರಿಯಾದ ಸಾಮಾನೇ ಮನೆಗೆ ಬರುತ್ತದೆ.

ಕಾಫಿಪುಡಿ ವಿಷಯದಲ್ಲಿ ಇದು ನನಗೆ ಮೊದಲೇ ಅನುಭವ ಆಗಿತ್ತು. ಹಿಂದೊಮ್ಮೆ ಬೇರೆಲ್ಲೋ ಅರ್ಧ ಕೆಜಿ ಕೊಂಡಿದ್ದೆ. ಯಾವುದಕ್ಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪುಡಿ ತೀರಾ ನುಣ್ಣಗಿತ್ತು. ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯಲೇ ಇಲ್ಲ. ಈ ಸಲ ಕಾಫಿಪುಡಿ ಅಂಗಡಿಯ ಬಾಗಿಲಲ್ಲೇ, "ಹಿತ್ತಾಳೆ ಫಿಲ್ಟರಿಗೆ, ಹಾಲು ಜಾಸ್ತಿ ಹಾಕ್ತೀವಿ" ಎಂದು ಹೇಳಿದೆ. ಪ್ಲಾಂಟೇಶನ್ ಮತ್ತು ಪೀಬೆರಿ ಎಂಬ ಎರಡು ಬಗೆಯ ಕಾಫಿಬೀಜ ಬೆರೆಸಿ, ಚಿಕೋರಿ ಶೇಕಡಾ 20 ಸಾಕು ಎಂದರು. ಎದುರಿಗೇ ಬೀಸಿಕೊಟ್ಟರು. ಚಿಕೋರಿ ಜಾಸ್ತಿ ಆದರೆ ಬಣ್ಣ ಗಟ್ಟಿ ಬರುತ್ತದೆ, ಕಾಫಿಯ ಘಮ ಕಡಿಮೆ ಆಗುತ್ತದೆ. ಕಾಲು ಕೆಜಿಗಿಂತ ಜಾಸ್ತಿ ಕೊಳ್ಳಬೇಡಿ. ಬೀಸಿದ ಪುಡಿಯ ಘಮ ದಿನ ಕಳೆದಂತೆ ಹೋಗಿಬಿಡುತ್ತದೆ. ಬಿಸಿ ಆರಿದ ಮೇಲೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ.

ಗ್ರಂಥಿಗೆ ಅಂಗಡಿಯಲ್ಲಿ ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ನಿಮಿಷವೂ ದಂಡ ಅನ್ನಿಸಲಿಲ್ಲ. ಹಿಪ್ಪಲಿ, ಬಜೆ, ಲಾವಂಚ, ಅಳಲೆಕಾಯಿ, ಸಾಂಬ್ರಾಣಿ, ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬರುತ್ತದೆ. ಅಂಗಡಿಯವರು ಚೀಟಿ ಪೂರ್ತಿ ಓದಿ, "ಹೋಮ ಯಾವ್ಯಾವುದು ಇದೆ ಅಮ್ಮಾ?" ಎಂದು ಕೇಳಿದರು. ಗಣಪತಿ ಹೋಮ, ನವಗ್ರಹ ಎಂದರು ಚಿಕ್ಕಮ್ಮ. ಒಂಬತ್ತು ಧಾನ್ಯ ಬಿಡಿಯಾಗಿ ಕೊಳ್ಳುವುದು ಬೇಡ, ಅಳತೆ ಮಾಡಿ ಕಟ್ಟಿಟ್ಟ ಪೊಟ್ಟಣ ಇದೆ ಎಂದು ಅದನ್ನೇ ಕೊಟ್ಟರು. ಎರಡು ಸಲ ಬರೆದಿದ್ದ ಗೆಜ್ಜೆವಸ್ತ್ರವನ್ನೂ ಒಂದು ಕಡೆ ಹೊಡೆದುಹಾಕಿದರು. ನೀವು ಹೋಗುವಾಗ ಚೀಟಿಯಲ್ಲಿ ಅಳತೆ ಬರೆಸಿಕೊಂಡೇ ಹೋಗಿ. ಪುರೋಹಿತರ ಫೋನ್ ನಂಬರು ಕೈಯಲ್ಲಿರಲಿ. ಸಂಶಯ ಬಂದರೆ ಅಲ್ಲಿಂದಲೇ ಕೇಳಬಹುದು.

ಸುಬ್ಬಮ್ಮನ ಅಂಗಡಿಗೆ ಹೋಗದೆ ಬರಬೇಡಿ. ಒಬ್ಬ ಹೆಣ್ಣುಮಗಳು ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾ ಕಟ್ಟಿದ ಅಂಗಡಿ ಇದು. ಆ ಹೆಸರು ಇವತ್ತಿಗೂ ನಿಂತಿದೆ ಎಂದರೆ ನನಗೆ ನಿಜಕ್ಕೂ ಹೆಮ್ಮೆ. ದೂರದ ಊರಿಗೆ ಒಯ್ಯುವವರು ಹಪ್ಪಳ, ಚಟ್ನಿಪುಡಿ ತೆಗೆದುಕೊಳ್ಳಿ. ಕೋಡುಬಳೆಗೆ ಗಟ್ಟಿ ಡಬ್ಬಿ ಬೇಕು. ಚೀಲದಲ್ಲಿ ಹಾಕಿದರೆ ಹಾಸನ ಸೇರುವಷ್ಟರಲ್ಲಿ ಪುಡಿ.

ಅಂಕಿತ ಪುಸ್ತಕ ಎಂಬ ಪುಸ್ತಕದಂಗಡಿಯಲ್ಲಿ ನಾನೇ ಹೊತ್ತು ಮರೆತೆ. ಹೊಸ ಕನ್ನಡ ಪುಸ್ತಕಗಳನ್ನು ಕೈಯಲ್ಲಿ ಹಿಡಿದು, ನಾಲ್ಕು ಪುಟ ಓದಿ ಆರಿಸಿಕೊಳ್ಳಬಹುದು. ನಮ್ಮೂರಿನಲ್ಲಿ ಆ ಸುಖ ಕಡಿಮೆ. ಪುಸ್ತಕ, ಪಾತ್ರೆ ಅಂಗಡಿಗಳನ್ನು ಹತ್ತೂವರೆಯ ನಂತರಕ್ಕೆ ಇಟ್ಟುಕೊಳ್ಳಿ.

ಪಾತ್ರೆಗೆ ಡಿ.ವಿ.ಜಿ. ರಸ್ತೆ. ಭಾರ ಹೊರಬೇಕಾದ್ದರಿಂದ ಇದನ್ನು ಕೊನೆಗೆ ಇಟ್ಟುಕೊಳ್ಳಿ. ತಾಮ್ರ, ಹಿತ್ತಾಳೆ ತೂಕದ ಲೆಕ್ಕ. ನಿಮ್ಮೆದುರಿಗೇ ತೂಗಿಸಿ. ಅಡುಗೆಗೆ ಹಿತ್ತಾಳೆ ಪಾತ್ರೆ ಕೊಳ್ಳುವುದಾದರೆ ಒಳಗೆ ಕಲಾಯಿ (ತವರದ ಲೇಪ) ಆಗಿದೆಯಾ ಎಂದು ಕೇಳಿ. ಇಲ್ಲದಿದ್ದರೆ ಹುಳಿ ಹಾಕಿದ ಸಾರು ಕಿಲುಬುತ್ತದೆ. ಪೂಜೆಯ ಚೊಂಬಿಗೆ ಕಲಾಯಿ ಬೇಕಿಲ್ಲ.

ಬಟ್ಟೆಚೀಲ ಎರಡು, ನೀರಿನ ಬಾಟಲಿ, ಚಿಲ್ಲರೆ ಇರಲಿ. ಫೋನಿನಲ್ಲಿ ಹಣ ಕಟ್ಟುವುದು ಎಲ್ಲ ಕಡೆ ನಡೆಯುತ್ತದೆ. ಆದರೂ ಹೂವಿನ ಅಜ್ಜಿಗೆ ನೋಟು ಕೊಟ್ಟರೇ ಖುಷಿ. ಕಾಲು ನೋವು ಬಂದರೆ ಬ್ಯೂಗಲ್ ರಾಕ್ ಪಾರ್ಕಿನ ಮರದ ಕೆಳಗೆ ಕೂರಿ. ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ ಇದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಪರಿಷೆ ನೋಡಲೇಬೇಕಾದದ್ದು, ಅದಕ್ಕೆ ಇನ್ನೊಂದು ದಿನ ಬನ್ನಿ. ಅಂಗಡಿ ಸುತ್ತುವುದಕ್ಕೆ ಹಬ್ಬವಿಲ್ಲದ ಮಂಗಳವಾರವೋ ಬುಧವಾರವೋ ಒಳ್ಳೆಯದು.