ರಬ್ಬರ್ ಉಜ್ಜಿ ಕಳಿಸಿದ ಸಿಪಿಯು

ಕಾರವಾರದಲ್ಲಿ ಮಳೆಗಾಲ ಬಂತೆಂದರೆ ನಮ್ಮ ಸರ್ವೀಸ್ ಟೇಬಲ್ ಮೇಲೆ ಒಂದೇ ಮಂತ್ರ. ಡಿಸ್‌ಪ್ಲೇ ಬರ್ತಿಲ್ವಾ? ರ‍್ಯಾಮ್ ತೆಗಿ, ರಬ್ಬರ್ ಉಜ್ಜು, ಹಾಕು. ಸಮುದ್ರದ ಉಪ್ಪು ಗಾಳಿ, ಮೇಲಿಂದ ಜೂನ್ ತಿಂಗಳ ತೇವ. ರ‍್ಯಾಮ್ ಅಂದರೆ ಮೆಷಿನ್ನಿನ ತಾತ್ಕಾಲಿಕ ಮೆಮೊರಿ, ಒಂದು ಸ್ಟಿಕ್ಕು. ಅದರ ಬಂಗಾರದ ಬಣ್ಣದ ಅಂಚು ಮಂಕಾಗಿರುತ್ತದೆ. ಬಹಳ ಸಲ ಅಷ್ಟಕ್ಕೇ ಮೆಷಿನ್ ಎದ್ದು ಕೂರುತ್ತದೆ. ಆ ರಬ್ಬರಿನ ಮೇಲೆ ನನಗೆ ನಂಬಿಕೆ ಸ್ವಲ್ಪ ಜಾಸ್ತಿಯೇ ಇತ್ತು.

ಸದಾಶಿವಗಡದ ಕಡೆಯ ಫೋಟೋಗ್ರಾಫರ್ ಒಬ್ಬರು ಸಿಪಿಯುಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಮಳೆಯಲ್ಲೇ ಕಾಳಿ ಸೇತುವೆ ದಾಟಿ ಬಂದರು. ಆನ್‌ಲೈನಲ್ಲಿ ಪಾರ್ಟ್ ತರಿಸಿ ಅವರೇ ಜೋಡಿಸಿದ ಮೆಷಿನ್. ಮೊದಲು ಎಂಟು ಜಿಬಿಯ ಎರಡು ಸ್ಟಿಕ್, ಆಮೇಲೆ ಬೇರೆ ಕಂಪನಿಯದ್ದು ಇನ್ನೆರಡು. ಡಿಡಿಆರ್4 ರ‍್ಯಾಮ್, ಅದನ್ನು ಮಾಮೂಲಿಗಿಂತ ಜೋರಾಗಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್, ಸ್ಪೀಡ್ 3200.

"ಎಕ್ಸ್‌ಪೋರ್ಟ್‌ಗೆ ಇಟ್ರೆ ನೀಲಿ ಸ್ಕ್ರೀನ್ ಬರ್ತದೆ ತಮ್ಮಾ. ಮೇ ತಿಂಗಳ ಮದುವೆ ಆಲ್ಬಮ್ ಇನ್ನೂ ಕೊಟ್ಟಿಲ್ಲ. ಹುಡುಗಿ ಅಪ್ಪ ದಿನಾ ಫೋನ್ ಮಾಡ್ತಾರೆ."

ನೀಲಿ ಸ್ಕ್ರೀನಿನ ಎರರ್ ಕೋಡ್ ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ಸಲ ಪೇಜ್ ಫಾಲ್ಟ್. ಕೋಡ್ ಹೀಗೆ ಬದಲಾಗುತ್ತಿದ್ದರೆ ರ‍್ಯಾಮ್ ಮೇಲೆ ಅನುಮಾನ ಬರಬೇಕು. ಬಂತು ಕೂಡ. ನಾಲ್ಕನ್ನೂ ಉಜ್ಜಿ ಹಾಕಿದೆ. ವಿಂಡೋಸಿನ ಮೆಮೊರಿ ಡಯಾಗ್ನೋಸ್ಟಿಕ್ ಓಡಲು ಬಿಟ್ಟು ಚಾ ಕುಡಿದು ಬಂದೆ. ಎರರ್ ಇಲ್ಲ. ‘ರ‍್ಯಾಮ್ ಓಕೆ, ವಿಂಡೋಸ್ ಕರಪ್ಟ್’ ಅಂತ ಜಾಬ್ ಕಾರ್ಡಿನಲ್ಲಿ ಬರೆದೆ.

ರ‍್ಯಾಮನ್ನು ಇನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಬೇಕಿತ್ತು. ಆದರೆ ಟೇಬಲ್ ಮೇಲೆ ಸುಮ್ನೆ ಓಡುತ್ತಿರುವ ಮೆಷಿನ್ ಕಂಡರೆ ನಮ್ಮ ಮಾಲೀಕರಿಗೆ ಆಗುವುದಿಲ್ಲ. ಟೆಸ್ಟಿಗೆ ಯಾರೂ ದುಡ್ಡು ಕೊಡೋದಿಲ್ಲ, ಫಾರ್ಮ್ಯಾಟಿಗೆ ಕೊಡ್ತಾರೆ ಅನ್ನುವುದು ಅವರ ಲೆಕ್ಕ. ಸುಳ್ಳೇನಲ್ಲ.

ಇನ್ನು ನಾನು ಮಾಡಿದ್ದು. ಅದೇ ಮೆಷಿನ್ ಆನ್ ಮಾಡಿ, ಡಿ ಡ್ರೈವಿನ ಫೋಟೋಗಳನ್ನೆಲ್ಲ ಎಕ್ಸ್‌ಟರ್ನಲ್‌ಗೆ ಕಾಪಿ ಹೊಡೆದೆ. ಕಾಪಿ ಮುಗಿದ ಮೇಲೆ ಫೋಲ್ಡರ್ ತೆರೆದು ನೋಡಿದೆ. ಥಂಬ್‌ನೇಲ್ ಎಲ್ಲಾ ಚಂದ ಕಾಣುತ್ತಿದ್ದವು. ಸಿ ಡ್ರೈವ್ ಸಣ್ಣದಾಗಿದೆ, ದೊಡ್ಡದು ಮಾಡಿಕೊಡು ಅಂತ ಅವರು ಮೊದಲೇ ಹೇಳಿದ್ದರು. ಸಿ, ಡಿ ಎರಡೂ ಇದ್ದ ಎಸ್‌ಎಸ್‌ಡಿ ಡಿಸ್ಕಿನ ಪಾರ್ಟಿಷನ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ, ಫೋಟೋ ವಾಪಸ್ ತುಂಬಿ ಕೊಟ್ಟೆ.

ಮೂರನೇ ದಿನ ಅವರು ಮತ್ತೆ ಬಂದರು. ಈ ಸಲ ಬಾಯಿ ಬಿಡಲಿಲ್ಲ. ಮೆಷಿನ್ ಆನ್ ಮಾಡಿಸಿ ಫೋಟೋ ಎಡಿಟ್ ಮಾಡುವ ಲೈಟ್‌ರೂಮಿನಲ್ಲಿ ಒಂದು ಫೋಟೋ ತೆರೆದರು. ಧಾರೆಯ ಫೋಟೋ. ಹುಡುಗಿಯ ಮುಖ, ಅಂತರಪಟದ ಅಂಚು ಸರಿಯಾಗಿದೆ. ಅದರ ಕೆಳಗೆ, ಎಲ್ಲರ ಕೈ ಸೇರಿ ನೀರು ಬೀಳುವ ಜಾಗದಿಂದ ಕೊನೆಯವರೆಗೆ ಬರೀ ಗುಲಾಬಿ ಗೆರೆ. ಮುಂದಿನದು ಸರಿ. ಅದರ ಮುಂದಿನದೂ ಸರಿ. ಆಮೇಲೆ ಇನ್ನೊಂದು, ಅರ್ಧ ಬೂದಿ ಬಣ್ಣ. ಅವರು ಬಾಣದ ಕೀ ಒತ್ತುತ್ತಾ ಹೋದರು, ನಾನು ಹಿಂದೆ ನಿಂತು ಎಣಿಸಿದೆ. ಒಂದೊಂದು ಫೋಟೋ ಲೋಡ್ ಆಗುವ ಆ ಒಂದು ಸೆಕೆಂಡ್ ಇದೆಯಲ್ಲ, ಬೇಡ ಅದು. ಒಟ್ಟು ಹದಿನೇಳು.

ರ‍್ಯಾಮಿನಲ್ಲಿ ಒಂದು ಬಿಟ್, ಅಂದರೆ ಸೊನ್ನೆಯನ್ನೋ ಒಂದನ್ನೋ ಇಡುವ ಜಾಗ, ಕೆಟ್ಟಿದ್ದರೆ ಕಾಪಿ ಆಗುವ ಫೈಲೂ ಅದರ ಮೂಲಕವೇ ಹೋಗುತ್ತದೆ. ವಿಂಡೋಸ್ ಏನೂ ಕೇಳುವುದಿಲ್ಲ, ಕಾಪಿ ಆಯ್ತು ಅನ್ನುತ್ತದೆ. ನಾನು ನೋಡಿದ ಥಂಬ್‌ನೇಲೋ, ರಾ ಫೈಲಿನೊಳಗೆ (ಕ್ಯಾಮೆರಾದ ಕಚ್ಚಾ ಫೋಟೋ ಫೈಲ್) ಕ್ಯಾಮೆರಾ ಇಟ್ಟಿದ್ದ ಜೆಪಿಇಜಿ ಪ್ರಿವ್ಯೂ. ಅಸಲಿ ಡೇಟಾ ಬೇರೆ ಕಡೆ ಇರುತ್ತದೆ. ಇದು ನನಗೆ ಗೊತ್ತಿರದ ವಿಷಯವೇನಲ್ಲ.

ಆ ರಾತ್ರಿ ಮಾಲೀಕರನ್ನು ಕೇಳದೆ ಮೆಮ್‌ಟೆಸ್ಟ್ ಹಾಕಿದೆ. ಹತ್ತೂವರೆಗೆ ಕರೆಂಟ್ ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಸತ್ತಿತು. ಮತ್ತೆ ಮೊದಲಿಂದ. ಎರಡನೇ ಪಾಸಿನಲ್ಲಿ, ಅಂದರೆ ಟೆಸ್ಟಿನ ಎರಡನೇ ಸುತ್ತಿನಲ್ಲಿ, ಎರರ್ ತೋರಿಸುವ ಕೆಂಪು ಸಾಲು ಬಿದ್ದವು. ಪ್ರತಿ ಸಲವೂ ಹತ್ತಿರ ಹತ್ತಿರದ ಅಡ್ರೆಸ್, ಅದೇ ಬಿಟ್. ಎಫ್ ಇರಬೇಕಾದ ಕಡೆ ಬಿ, ಅಂದರೆ ಒಂದೇ ಬಿಟ್ಟಿನ ವ್ಯತ್ಯಾಸ. ಬೆಳಿಗ್ಗೆ ಎಕ್ಸ್‌ಎಂಪಿ ಆಫ್ ಮಾಡಿ 2133ಕ್ಕೆ ಇಳಿಸಿ, ಒಂದೊಂದೇ ಸ್ಟಿಕ್ಕನ್ನು ಮದರ್‌ಬೋರ್ಡಿನ ಎ2 ಸ್ಲಾಟಿಗೆ ಹಾಕಿ ಓಡಿಸಿದೆ. ಮೂರು ಪಾಸು. ಆಮೇಲೆ ಕೊಂಡ ಎರಡರಲ್ಲಿ ಒಂದು ಅಷ್ಟು ನಿಧಾನದಲ್ಲೂ ಎರರ್ ಕೊಟ್ಟಿತು. ಸ್ಲಾಟ್ ಬದಲಿಸಿದರೂ ಅದೇ. ಸ್ಪೀಡಿನ ತಪ್ಪೂ ಅಲ್ಲ, ಉಪ್ಪು ಗಾಳಿಯ ತಪ್ಪೂ ಅಲ್ಲ. ಚಿಪ್ಪೇ ಹೋಗಿತ್ತು. ಸ್ಟಿಕ್ಕಿಗೆ ವಾರಂಟಿ ಇತ್ತು, ಬದಲಿ ಬಂತು.

ಫೋಟೋಗೆ ವಾರಂಟಿ ಎಲ್ಲಿಂದ ಬರಬೇಕು? ರಿಕವರಿ ಸಾಫ್ಟ್‌ವೇರ್ ಓಡಿಸಿದೆ. ಎಸ್‌ಎಸ್‌ಡಿಯಲ್ಲಿ ಅಳಿಸಿದ ಜಾಗವನ್ನು ಖಾಲಿ ಮಾಡುವ ಟ್ರಿಮ್ ಆಗಲೇ ಎಲ್ಲ ಗುಡಿಸಿ ಹಾಕಿತ್ತು. ಕ್ಯಾಮೆರಾದ ಕಾರ್ಡಿನಲ್ಲಿ ಆಗಲೇ ಬೇರೆ ಮದುವೆ ತುಂಬಿತ್ತು. ಕೊನೆಗೆ ನನ್ನನ್ನು ಏಮಾರಿಸಿದ ಆ ಪ್ರಿವ್ಯೂಗಳೇ ಕೈ ಹಿಡಿದವು. ಅವರ ಕ್ಯಾಮೆರಾ ಪೂರ್ತಿ ಸೈಜಿನ ಪ್ರಿವ್ಯೂ ಇಡುತ್ತಿತ್ತು. ಹದಿನೇಳರಲ್ಲಿ ಹದಿನೈದನ್ನು ಹೊರಗೆ ತೆಗೆದೆ. ಕಲರ್ ಕರೆಕ್ಷನ್‌ಗೆ ಜಾಗ ಕಡಿಮೆ, ಆದರೂ ಪ್ರಿಂಟಿಗೆ ಸಾಕಾಯಿತು. ಉಳಿದ ಎರಡು ಊಟದ ಪಂಕ್ತಿಯವು. ಧಾರೆಯದ್ದು ಸಿಕ್ಕಿತು. ಮಾಲೀಕರು ಫಾರ್ಮ್ಯಾಟ್ ಚಾರ್ಜ್ ವಾಪಸ್ ಕೊಟ್ಟು, ನನ್ನ ಸಂಬಳದ ದಿನ ಅದನ್ನು ನೆನಪು ಮಾಡಿದರು.

ಈಗ ಗಿರಾಕಿಯ ಡಿಸ್ಕ್ ಬಿಚ್ಚಿ ಬೇರೆ ಮೆಷಿನ್ನಿಗೆ ಹಾಕಿ ಕಾಪಿ ಮಾಡುತ್ತೇನೆ, ಮೂಲದ್ದೂ ಕಾಪಿಯದ್ದೂ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡುತ್ತೇನೆ. ಲೇಟಾಗುತ್ತದೆ, ಬೈಸಿಕೊಳ್ಳುತ್ತೇನೆ.

ಮೊನ್ನೆ ಅದೇ ಫೋಟೋಗ್ರಾಫರ್ ಫ್ಯಾನ್ ಸದ್ದು ಮಾಡ್ತದೆ ಅಂತ ಮತ್ತೆ ಬಂದಿದ್ದರು. ಸಿಪಿಯು ಟೇಬಲ್ ಮೇಲಿಟ್ಟು, ನನ್ನದೇ ಸ್ಕ್ರೂಡ್ರೈವರ್ ಕೇಳಿ ಇಸಿದುಕೊಂಡು, ಎಸ್‌ಎಸ್‌ಡಿ ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡರು.

"ಹಾಂ, ಈಗ ನೋಡು ತಮ್ಮಾ" ಅಂದರು.