ಬೆಳಗಿನ ಜಾವದ ನೀರು

ಪರಿಸರ ಅಧ್ಯಯನದ ಮೈನರ್ (ಪದವಿಯಲ್ಲಿ ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ) ಎಂದರೆ ಹಳೆಯ ಬ್ಯಾಚಿನವರ ಕಣ್ಣಿಗೆ ಮೊದಲು ಕಟ್ಟುವುದು ಗಾಜಿನ ಬಿರಡೆಯ 300 ಮಿ.ಲೀ. ಬಾಟಲಿ. ಕೆರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನವನ್ನು ಇತಿಹಾಸ, ಅರ್ಥಶಾಸ್ತ್ರ ಮೇಜರ್‌ನವರೂ ಕೈಯಾರೆ ಮಾಡಿಯೇ ಕಲಿತರು.

ಬಾಟಲಿಯನ್ನು ನೀರೊಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತುಂಬಿಸಿ, ಮುಳುಗಿರುವಾಗಲೇ ಬಿರಡೆ ಹಾಕಬೇಕು. ಒಂದು ಗುಳ್ಳೆ ಸಿಕ್ಕಿಕೊಂಡರೂ ಲೆಕ್ಕ ಕೆಟ್ಟಿತು. ದಂಡೆಯಲ್ಲೇ ಮ್ಯಾಂಗನೀಸ್ ಸಲ್ಫೇಟ್ 2 ಮಿ.ಲೀ., ಕ್ಷಾರೀಯ ಅಯೊಡೈಡ್-ಅಜೈಡ್ 2 ಮಿ.ಲೀ. ಬಿಟ್ಟು ಬಾಟಲಿಯನ್ನು ಹಲವು ಸಲ ಮಗುಚಬೇಕು. ಆಗ ಮೂಡುವ ಗಷ್ಟು ಕಂದಾದರೆ ಆಮ್ಲಜನಕವಿದೆ, ಬೆಳ್ಳಗೇ ಉಳಿದರೆ ಇಲ್ಲ. ಗಷ್ಟು ಅರ್ಧಕ್ಕಿಳಿದ ಮೇಲೆ ಪ್ರಬಲ ಗಂಧಕಾಮ್ಲ 2 ಮಿ.ಲೀ. (ಕೈಗವಸು ಬೇಕೇ ಬೇಕು). ಆಗ ಗಷ್ಟು ಕರಗಿ, ಇದ್ದ ಆಮ್ಲಜನಕಕ್ಕೆ ತಕ್ಕಷ್ಟು ಅಯೊಡಿನ್ ಬಿಡುಗಡೆಯಾಗುತ್ತದೆ. ಬಳಿಕ 200 ಮಿ.ಲೀ. ತೆಗೆದುಕೊಂಡು 0.025 ನಾರ್ಮಲ್ ಸಾಂದ್ರತೆಯ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ (ಅಯೊಡಿನ್ ಮುಗಿಯುವವರೆಗೆ ಹನಿಹನಿಯಾಗಿ ಬಿಟ್ಟರೆ), ಬ್ಯೂರೆಟ್ಟೆಂಬ ಅಳತೆಯ ಕೊಳವೆಯಿಂದ ಇಳಿದ ಪ್ರತಿ ಮಿ.ಲೀ. ಅಂದರೆ ಲೀಟರಿಗೆ 1 ಮಿ.ಗ್ರಾಂ. ಆಮ್ಲಜನಕ. ಅಯೊಡಿನ್ ಇರುವುದನ್ನು ನೀಲಿ ಬಣ್ಣದಿಂದ ತೋರಿಸುವ ಪಿಷ್ಟವನ್ನು ಅವಸರದಲ್ಲಿ ಮೊದಲೇ ಹಾಕುವವರು ಪ್ರತಿ ವರ್ಷವೂ ಇರುತ್ತಾರೆ. ಅಯೊಡಿನ್ ಹೆಚ್ಚಿರುವಾಗ ಪಿಷ್ಟ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ನೀಲಿ ಬಣ್ಣ ಸರಿಯಾಗಿ ಬಿಡುವುದಿಲ್ಲ. ತಿಳಿಹಳದಿಗೆ ಬರುವವರೆಗೆ ಕಾಯಿರಿ.

ಇಷ್ಟೆಲ್ಲ ಸರಿಮಾಡಿಯೂ ವರದಿ ಸುಳ್ಳಾಗಬಹುದು. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ 3 ಗಂಟೆಗೆ ನೀರು ತೆಗೆದರೆ ಆಮ್ಲಜನಕ ಧಾರಾಳ. ಆ ಹೊತ್ತಿಗೆ ಪಾಚಿಯೇ ಅದನ್ನು ತಯಾರಿಸುತ್ತಿರುತ್ತದೆ. ರಾತ್ರಿಯಿಡೀ ಉಸಿರಾಟ ಮಾತ್ರ ನಡೆದು, ಸೂರ್ಯ ಹುಟ್ಟುವ ಮುನ್ನ ಅದೇ ಕೆರೆ ಸೊನ್ನೆಯ ಹತ್ತಿರ ಬಂದಿರಬಹುದು. ಕಾಲೇಜಿನ ವೇಳಾಪಟ್ಟಿಗೆ ಮಧ್ಯಾಹ್ನ ಅನುಕೂಲ, ಮೀನು ಸಾಯುವುದು ಮಾತ್ರ ನಸುಕಿನಲ್ಲಿ.

ಸಮಾಜಶಾಸ್ತ್ರದ ಪಾಠ ಕೈಹಿಡಿಯುವುದು ಇಲ್ಲಿ. 'ಕೆರೆ ಕೆಟ್ಟಿದೆಯೇ?' ಎಂದು ಕೇಳಿದರೆ 'ಹೌದು' ಎಂಬ ಉತ್ತರವಷ್ಟೇ ಸಿಗುತ್ತದೆ. 'ಮೀನು ಸತ್ತು ತೇಲಿದ್ದು ಯಾವ ತಿಂಗಳು, ಎಷ್ಟು ಹೊತ್ತಿಗೆ, ಹಿಂದಿನ ದಿನ ಮೋಡವಿತ್ತೇ?' ಎಂದು ಮೀನುಗಾರರನ್ನು ಕೇಳಿ ನೋಡಿ. ಮೋಡದ ದಿನ ಪಾಚಿಗೆ ಬಿಸಿಲಿಲ್ಲ, ಆಮ್ಲಜನಕದ ಉಳಿತಾಯವೂ ಇಲ್ಲ. ಬಾಟಲಿ ಯಾವಾಗ ಮುಳುಗಿಸಬೇಕೆಂದು ಹೇಳಿಕೊಟ್ಟದ್ದು ಆ ಉತ್ತರವೇ.

ಅರ್ಥಶಾಸ್ತ್ರದಲ್ಲಿ ಒಂದೇ ಲೆಕ್ಕ ಸಾಕು. 50 ವರ್ಷಗಳ ನಂತರದ 100 ರೂಪಾಯಿ ನಷ್ಟಕ್ಕೆ ಇಂದಿನ ಬೆಲೆ ವರ್ಷಕ್ಕೆ ಶೇ. 3ರ ಕಡಿತ ದರದಲ್ಲಿ (ಮುಂದಿನ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ) ಸುಮಾರು 23 ರೂ.; ಶೇ. 7 ಹಿಡಿದರೆ ಮೂರೂವರೆಗೂ ಕಡಿಮೆ. ಮುಂದಿನವರ ಪಾಲು ಎಷ್ಟೆಂಬ ನೀತಿಯ ಪ್ರಶ್ನೆಯನ್ನು ದರದ ಅಂಕಣದಲ್ಲಿ ಯಾರೋ ಸದ್ದಿಲ್ಲದೆ ತೀರ್ಮಾನಿಸಿರುತ್ತಾರೆ.

ಪ್ರಾಜೆಕ್ಟ್ ಸೋಲುವುದು ಸಾಮಾನ್ಯವಾಗಿ ಮೊದಲ ವಾರದಲ್ಲೇ. ರಸಾಯನ ನನಗೆ, ಸಂದರ್ಶನ ನಿನಗೆ ಎಂದು ಅಧ್ಯಾಯ ಹಂಚಿಕೊಂಡವರ ವರದಿ ಕೊನೆಗೆ ಪಿನ್ ಹೊಡೆದ ನಾಲ್ಕು ವರದಿಗಳಷ್ಟೆ. ಮೊದಲು ಪ್ರಶ್ನೆಯೊಂದನ್ನು ಒಟ್ಟಿಗೆ ಬರೆಯಿರಿ, ಜಾಗ ಒಂದೇ ಇರಲಿ. ಪ್ರತಿ ಅಳತೆಯ ಪಕ್ಕದಲ್ಲಿ ದಿನಾಂಕ, ಗಂಟೆ, ಆಳ, ಮೋಡ, ನೀರಿನ ಉಷ್ಣತೆ ದಾಖಲಿಸಿ: ಶುದ್ಧ ನೀರೇ 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ. ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ.