ಕಾಕಾನ ಕರುಳು ಎಚ್ಚರಾಗುವ ತನಕ

ಕಾಕಾನ ಮೂತ್ರಕೋಶ ತೆಗೆಯುವ ಆಪರೇಷನ್ನಿನ ಖರ್ಚಿಗೆ ನಾವು ತಯಾರಾಗಿಯೇ ಹೋಗಿದ್ದೆವು. ರೇಟು ಏರಲೆಂದು ತಡೆದಿಟ್ಟಿದ್ದ ತೊಗರಿಯನ್ನು ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಮಾರಿ, ಅಡತಿ ಅಂಗಡಿಯವರಿಂದ ಮುಂಗಡವನ್ನೂ ತಂದಾಗಿತ್ತು. ಆಪರೇಷನ್ ಆದ ಮೇಲಿನ ದಿನಗಳ ಲೆಕ್ಕವನ್ನು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ಕಾಕಾ ಶಹಾಬಾದದ ಕಲ್ಲಿನ ಖಣಿಯಲ್ಲಿ ದುಡಿದವ, ಬೀಡಿ ಬಿಟ್ಟು ಇದ್ದವನೇ ಅಲ್ಲ. ಮೂತ್ರದಲ್ಲಿ ರಕ್ತ ಕಂಡಾಗ ನೋವೇನೂ ಇರಲಿಲ್ಲ. "ಉಷ್ಣ ಆಗ್ಯಾದ" ಅಂತ ಸಬ್ಜಾ ನೀರು ಕುಡಿದ. ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿ ಹೀಗೆ ನೋವಿಲ್ಲದೆಯೇ ಕಾಣಿಸಿಕೊಳ್ಳುತ್ತದಂತೆ. ಬೀಡಿಯ ವಿಷ ರಕ್ತದಿಂದ ಮೂತ್ರಕ್ಕಿಳಿದು ತಾಸುಗಟ್ಟಲೆ ಮೂತ್ರಕೋಶದ ಚೀಲದಲ್ಲೇ ನಿಂತಿರುತ್ತದೆ. ಗಡ್ಡೆ ಸ್ನಾಯುವಿನ ತನಕ ಇಳಿದಿದೆ ಎಂದು ವರದಿ ಬಂದ ಮೇಲೆ, ಮೊದಲು ಕಿಮೋ, ನಂತರ ಚೀಲವನ್ನೇ ತೆಗೆಯುವುದು ಎಂದಾಯಿತು.

ಚೀಲ ಹೋದರೆ ಮೂತ್ರಕ್ಕೆ ದಾರಿ ಬೇಕಲ್ಲ. ಸಣ್ಣ ಕರುಳಿನ ಸುಮಾರು 15 ಸೆಂ.ಮೀ. ತುಂಡು ಕತ್ತರಿಸಿ, ಎರಡೂ ಕಿಡ್ನಿಯ ನಾಳಗಳನ್ನು ಅದಕ್ಕೆ ಹೊಲಿದು, ಅದರ ಬಾಯಿಯನ್ನು ಹೊಟ್ಟೆಯ ಬಲಗಡೆ ಹೊರಗೆ ತರುತ್ತಾರೆ. ಅದರ ಮೇಲೆ ಬ್ಯಾಗು. ಹಾಗೆ ಕತ್ತರಿಸಿ ಜೋಡಿಸಿದ ಕರುಳು ಕೆಲದಿನ ಕೆಲಸ ನಿಲ್ಲಿಸುತ್ತದೆ. ಕಾಕಾನದು ಏಳಲೇ ಇಲ್ಲ. ಹೊಟ್ಟೆ ಉಬ್ಬಿ ಹಸಿರು ವಾಂತಿಯಾಯಿತು, ತುಂಬಿದ್ದನ್ನು ಹೊರತೆಗೆಯಲು ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು.

ಆಮೇಲೆ ಎಲ್ಲರ ಕಣ್ಣೂ ಕರುಳು ಎಚ್ಚರಾಯಿತೆಂದು ತಿಳಿಸುವ ಒಂದೇ ಸುದ್ದಿಯ ಮೇಲೆ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು, "ಯಜಮಾನ್ರೇ, ಗಾಳಿ ಹೋಯ್ತೇನ್ರಿ?" ಶಹಾಬಾದದಿಂದ ಫೋನ್ ಮಾಡಿದ ಬೀಗರು, "ಹೋಯ್ತೇನು?" ಕಾಕಾ ನಾಚಿ ಗೋಡೆ ಕಡೆ ತಿರುಗುತ್ತಿದ್ದ. ಆ ಸುದ್ದಿ ಬಾರದ ಪ್ರತಿ ದಿನವೂ ಬೆಡ್ಡಿನ ಬಾಡಿಗೆ, ಕರುಳು ಏಳಲು ಬೇಕಾದ ಪೊಟ್ಯಾಸಿಯಂ ಇಳಿದಿದೆಯೇ ಎಂದು ನೋಡಲು ರಕ್ತಪರೀಕ್ಷೆ, ಬಾಯಿಗೆ ಏನೂ ಕೊಡುವಂತಿಲ್ಲವೆಂದು ನರಕ್ಕೆ ಏರಿಸುವ ಬಿಳಿ ಆಹಾರದ ಬಾಟಲಿ. ಸಂಜೆಯಾದರೆ ಕೌಂಟರಿನಿಂದ ಕರೆ: "ಡಿಪಾಸಿಟ್ ಕಟ್ರಿ."

ಕಾರ್ಡು ಇರಲಿಲ್ಲವೇ ಅಂದರೆ, ಇತ್ತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಮಗ ಸಾಲಕ್ಕೆಂದು ಐಟಿ ರಿಟರ್ನ್ ಹಾಕಿದ್ದರಿಂದ ಕಾಕಾನ ರೇಷನ್ ಕಾರ್ಡು ಎಪಿಎಲ್ ಆಗಿತ್ತು. ಎಪಿಎಲ್‌ನವರಿಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ನನ್ನ ಸಿಟ್ಟು ಕಾರ್ಡಿನ ಮೇಲಲ್ಲ. ಈ ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮೂರು ತಿಂಗಳೊಳಗೆ ಏನಾದರೊಂದು ತೊಡಕಾಗುವುದು ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇದ್ದದ್ದೇ. ಹಾಗಿದ್ದ ಮೇಲೆ ಏನೂ ತೊಡಕಾಗದ ದೇಹದ ಖರ್ಚಿನ ಲೆಕ್ಕವನ್ನಷ್ಟೇ ಆಸ್ಪತ್ರೆಯವರು ಮೊದಲೇ ಬರೆದುಕೊಡುವುದು ಯಾವ ಅಂದಾಜು?

ದಾರಿ ತೋರಿಸಿದವಳು ರಾತ್ರಿ ಪಾಳಿಯ ನರ್ಸಮ್ಮ. "ಚೂಯಿಂಗ್ ಗಮ್ ತರ್ರಿ. ಅಗಿದ್ರ ಊಟ ಬಂತು ಅಂತ ಕರುಳು ತಿಳ್ಕೊಂತದ." ನಾನು ನಕ್ಕೆ, ಡಾಕ್ಟರು ಮಾತ್ರ ಹೌದೆಂದು ತಲೆಯಾಡಿಸಿದರು. ಬೀಡಿ ಕಚ್ಚಿದ ಬಾಯಲ್ಲಿ ಕಾಕಾ ಗಮ್ ಅಗಿಯುತ್ತ, ಒಂದು ಕೈಯಲ್ಲಿ ಸಲೈನ್ ಸ್ಟ್ಯಾಂಡು ಹಿಡಿದು ವರಾಂಡದಲ್ಲಿ ನಡೆದ. ಗಮ್ಮಿನಿಂದಲೋ ನಡಿಗೆಯಿಂದಲೋ ಪೊಟ್ಯಾಸಿಯಂ ಸರಿಹೋದದ್ದರಿಂದಲೋ, ಒಂದು ನಸುಕಿನಲ್ಲಿ ಕಾಕಿ ಓಡಿಬಂದು ನನ್ನನ್ನು ಎಬ್ಬಿಸಿದಳು: "ಏಳೋ ತಮ್ಮಾ, ಹೋಯ್ತು!" ಪಕ್ಕದ ಬೆಡ್ಡಿನವರೂ ಕೇಳಿದ್ದರಂತೆ.

ಬಿಲ್ ಕಟ್ಟಿ ಆಟೋ ಹತ್ತಿದಾಗ ಕಾಕಾ ಕೇಳಿದ, "ಒಂದ್ ಹೂಸಿಗೆ ಎಷ್ಟ್ ಬಿತ್ತೋ?" ಹೇಳಿದರೆ ಮತ್ತೆ ಹೊಟ್ಟೆ ಕಟ್ಟೀತು ಅಂತ ಸುಮ್ಮನಾದೆ.

ಊರಿಗೆ ಹೋದ ಮೇಲೆ ಮೂತ್ರದ ಸೋಂಕಾಗಿ ಚಳಿಜ್ವರ ಬಂತು, ಮತ್ತೆ ಅಡ್ಮಿಟ್ ಆಯಿತು. ಆ ಸಲ ಕೌಂಟರಿನಲ್ಲಿ ನಾನು ಮೊದಲು ಕೇಳಿದ್ದು ಪ್ಯಾಕೇಜನ್ನಲ್ಲ, ದಿನದ ರೇಟನ್ನು. ಬ್ಯಾಗು ಸೋರದಂತೆ ಅಂಟಿಸುವುದನ್ನು ಕಾಕಿ ಅಲ್ಲೇ ಆ ನರ್ಸಮ್ಮನಿಂದ ಕಲಿತಳು. ಒಂದು ಬ್ಯಾಗಿಗೆ ನೂರಾರು ರೂಪಾಯಿ, ಕೆಲ ದಿನಕ್ಕೊಮ್ಮೆ ಬದಲಿಸಲೇಬೇಕು. ಅದನ್ನು ಈಗ ತೊಗರಿಯ ಲೆಕ್ಕದ ವಹಿಯಲ್ಲೇ ಬರೆಯುತ್ತೇವೆ.